ಇಡೀ ಕಟ್ಟಡಕ್ಕೆ ಸಂಘ ವಿಮೆ ಮಾಡಿಸಿದರೆ ನಮ್ಮ ಫ್ಲ್ಯಾಟಿಗೆ ಪ್ರತ್ಯೇಕ ಪಾಲಿಸಿ ಬೇಕೇ?

ಬೋಗಾದಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿ ರಸ್ತೆಗೆ ಹೊಂದಿಕೊಂಡಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಲವತ್ತೆಂಟು ಮನೆಗಳಿದ್ದು, ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಕಟ್ಟಡದ ವಿಮೆಯ ವಿಷಯವೂ ಸೇರಿದೆ. ಸಂಘವೇ ಒಂದು ಪಾಲಿಸಿ ಮಾಡಿಸಿ ಅದರ ಪ್ರೀಮಿಯಂ ಅನ್ನು ಮೇಂಟೆನೆನ್ಸ್ ಹಣದ ಜೊತೆಗೆ ವಸೂಲು ಮಾಡಲಿ ಎಂದು ಕೆಲವರು ಹೇಳುತ್ತಿದ್ದಾರೆ. ಅವರವರ ಮನೆ ಅವರವರ ಜವಾಬ್ದಾರಿ ಎಂಬುದು ಇನ್ನು ಕೆಲವರ ವಾದ. ಗೃಹಸಾಲ ಪಡೆದವರಲ್ಲಿ ಬಹಳ ಮಂದಿ, ಬ್ಯಾಂಕಿನವರು ಸಾಲ ಕೊಡುವಾಗಲೇ ವಿಮೆ ಮಾಡಿಸಿದ್ದಾರೆ, ಮತ್ತೆ ಏಕೆ ಎಂದು ಕೇಳುತ್ತಾರೆ. ನನ್ನ ಫ್ಲ್ಯಾಟಿನ ಸೂಪರ್ ಬಿಲ್ಟ್‌ಅಪ್ ವಿಸ್ತೀರ್ಣ ಕ್ರಯಪತ್ರದ ಪ್ರಕಾರ 1,200 ಚದರ ಅಡಿ. ಈಗಿನ ಮಾರುಕಟ್ಟೆ ಬೆಲೆ ಸುಮಾರು 70 ಲಕ್ಷ ರೂಪಾಯಿ. ಹಾಗಾದರೆ 70 ಲಕ್ಷಕ್ಕೇ ವಿಮೆ ಮಾಡಿಸಬೇಕೇ? ಸಂಘದ ಪಾಲಿಸಿ ಇದ್ದ ಮೇಲೆ ನನ್ನದೂ ಬೇಕೇ? ಮೇಲಿನ ಮನೆಯ ಬಚ್ಚಲಿನಿಂದ ನಮ್ಮ ಸೂರಿಗೆ ನೀರು ಜಿನುಗುತ್ತಿರುವುದಕ್ಕೆ ವಿಮೆಯಿಂದ ಪರಿಹಾರ ಸಿಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಸಂಘದ ಕಾರ್ಯದರ್ಶಿ, ವಿಜಯನಗರ ನಾಲ್ಕನೇ ಹಂತ

ಮೊದಲು ಬ್ಯಾಂಕಿನ ಕಡತದಲ್ಲಿರುವ ಪಾಲಿಸಿಯನ್ನು ತೆಗೆದು ಓದಿ. ನಮ್ಮಲ್ಲಿ ಹಾಗೆ ಓದಿಸಿದಾಗ, ಮನೆಯ ವಿಮೆ ಎಂದು ಸದಸ್ಯರು ನಂಬಿಕೊಂಡಿದ್ದ ಎಷ್ಟೋ ಪಾಲಿಸಿಗಳು ಸಾಲಗಾರರ ಜೀವವಿಮೆಗಳಾಗಿದ್ದವು. ಸಾಲ ಪಡೆದವರು ತೀರಿಕೊಂಡರೆ ಬಾಕಿ ಸಾಲ ತೀರುತ್ತದೆ, ಅಷ್ಟೇ. ಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ. ಕೆಲವರ ಬಳಿ ನಿಜವಾಗಿಯೂ ಕಟ್ಟಡದ ವಿಮೆ ಇತ್ತು, ಆದರೆ ವಿಮಾ ಮೊತ್ತ ಸಾಲದಷ್ಟೇ ಇತ್ತು, ಮನೆಯೊಳಗಿನ ಸಾಮಾನಿನ ಹೆಸರೇ ಇರಲಿಲ್ಲ. ಇಂಥದ್ದೇ ಕಂಪನಿಯಲ್ಲಿ ವಿಮೆ ಮಾಡಿಸಬೇಕೆಂದು ಬ್ಯಾಂಕು ಒತ್ತಾಯಿಸುವಂತಿಲ್ಲ ಎಂಬುದನ್ನೂ ಸಭೆಯಲ್ಲಿ ಹೇಳಿ.

ನಿವೃತ್ತ ಸರ್ವೇಯರ್, ಯಾದವಗಿರಿ

ವಿಮಾ ಕಂಪನಿಗಳಿಗೆ ನಷ್ಟದ ಅಂದಾಜು ಮಾಡಿಕೊಡುವ ಕೆಲಸವನ್ನು ಹಲವು ವರ್ಷ ಮಾಡಿದ್ದೇನೆ. ಆ ಬಲದಿಂದ ಬರೆಯುತ್ತಿದ್ದೇನೆ.

ಭಾರತದಲ್ಲಿ ವಾಸದ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಜಾರಿಗೆ ತಂದಿದೆ. ಯಾವ ಕಂಪನಿಯಿಂದ ಕೊಂಡರೂ ಮೂಲ ಷರತ್ತುಗಳ ಒಕ್ಕಣೆ ಒಂದೇ ಆಗಿರುವುದರಿಂದ, ಏಜೆಂಟರು ತಮ್ಮ ಕಂಪನಿಯ ಷರತ್ತುಗಳೇ ಉತ್ತಮ ಎಂದು ಹೇಳುವ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ನೀರು ನುಗ್ಗುವಿಕೆ, ಭೂಕುಸಿತ, ಗಲಭೆ, ದುರುದ್ದೇಶದ ಹಾನಿ, ಭಯೋತ್ಪಾದನೆ, ಹೊರಗಿನ ವಸ್ತು ಬಂದು ಬಡಿಯುವುದು, ನೀರಿನ ಟ್ಯಾಂಕು ಅಥವಾ ಪೈಪು ಒಡೆದು ಹರಿಯುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಹೊರಗಿನ ವಸ್ತು ಎಂಬಲ್ಲಿ ಬೀಳುವ ಮರವನ್ನೂ ಹೆಸರಿಸಿ ಬರೆದಿರುವುದು, ಮಳೆಮರ, ಗುಲ್‌ಮೊಹರ್ ಸಾಲುಗಳಿರುವ ನಮ್ಮ ಊರಿನವರಿಗೆ ಮುಖ್ಯವಾದ ಸಂಗತಿ.

ಇನ್ನು 70 ಲಕ್ಷದ ಪ್ರಶ್ನೆ. ಮಾರುಕಟ್ಟೆ ಬೆಲೆಯಲ್ಲಿ ನೆಲದ ಬೆಲೆ, ಬಡಾವಣೆಯ ಬೆಲೆ, ಬಿಲ್ಡರನ ಲಾಭ ಎಲ್ಲವೂ ಬೆರೆತಿರುತ್ತವೆ. ಕಟ್ಟಡ ಸುಟ್ಟರೂ ನೆಲ ಎಲ್ಲಿಗೂ ಹೋಗುವುದಿಲ್ಲವಾದ್ದರಿಂದ ವಿಮೆ ಇರುವುದು ಮರುನಿರ್ಮಾಣದ ವೆಚ್ಚಕ್ಕೆ ಮಾತ್ರ. ಈ ಪಾಲಿಸಿಯಲ್ಲಿ ಕಾರ್ಪೆಟ್ ವಿಸ್ತೀರ್ಣವನ್ನು, ಅಂದರೆ ಮನೆಯ ಗೋಡೆಗಳ ಒಳಗಿನ ನೆಲದ ಅಳತೆಯನ್ನು, ನಿರ್ಮಾಣದ ದರದಿಂದ ಗುಣಿಸಿ ವಿಮಾ ಮೊತ್ತವನ್ನು ಗೊತ್ತುಮಾಡುತ್ತಾರೆ. ನಿಮ್ಮ 1,200 ಅಡಿಯಲ್ಲಿ ಕಾರ್ಪೆಟ್ ವಿಸ್ತೀರ್ಣ 850 ಅಡಿ ಎಂದೂ, ನಿರ್ಮಾಣದ ದರ ಅಡಿಗೆ 2,200 ರೂಪಾಯಿ ಎಂದೂ ಉದಾಹರಣೆಗೆ ಇಟ್ಟುಕೊಂಡರೆ ಮೊತ್ತ 18,70,000 ರೂಪಾಯಿ ಆಗುತ್ತದೆ. ಅದರ ಶೇಕಡಾ 20ರಷ್ಟು, ಅಂದರೆ 3,74,000 ರೂಪಾಯಿ, ಮನೆಯೊಳಗಿನ ಸಾಮಾನಿಗೆ ತಾನಾಗಿಯೇ ಸೇರಿಕೊಳ್ಳುತ್ತದೆ. ಹೀಗೆ ಸೇರುವ ಮೊತ್ತಕ್ಕೆ 10 ಲಕ್ಷದ ಮಿತಿಯಿದೆ. ಅದಕ್ಕಿಂತ ಹೆಚ್ಚು ಬೆಲೆಯ ಸಾಮಾನಿದ್ದರೆ ಪಟ್ಟಿ ಕೊಟ್ಟು ಹೆಚ್ಚಿನ ಪ್ರೀಮಿಯಂ ಕಟ್ಟಬೇಕು. ಚಿನ್ನ, ಬೆಳ್ಳಿ ಇದರಲ್ಲಿ ಬರುವುದಿಲ್ಲ; ಬೆಲೆಬಾಳುವ ವಸ್ತುಗಳಿಗೆ ಐಚ್ಛಿಕ ರಕ್ಷಣೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು.

ಪಾಲಿಸಿಯನ್ನು ಹತ್ತು ವರ್ಷದವರೆಗೆ ಒಟ್ಟಿಗೆ ತೆಗೆದುಕೊಳ್ಳಬಹುದು. ಹಾಗೆ ದೀರ್ಘಾವಧಿಗೆ ತೆಗೆದುಕೊಂಡರೆ ಕಟ್ಟಡದ ವಿಮಾ ಮೊತ್ತ ಪ್ರತಿವರ್ಷ ಶೇಕಡಾ 10ರಂತೆ ತಾನಾಗಿ ಏರುತ್ತದೆ. ಮತ್ತೊಂದು ಅನುಕೂಲವೆಂದರೆ, ವಿವರಗಳನ್ನು ಸರಿಯಾಗಿ ಕೊಟ್ಟಿದ್ದರೆ, ವಿಮೆ ಕಡಿಮೆ ಮೊತ್ತಕ್ಕೆ ಇತ್ತು ಎಂಬ ಕಾರಣಕ್ಕೆ ಕ್ಲೇಮಿನಲ್ಲಿ ಅನುಪಾತದ ಕಡಿತ ಮಾಡುವಂತಿಲ್ಲ. ಈ ಮನ್ನಾ ಇಲ್ಲದ ಪಾಲಿಸಿಗಳಲ್ಲಿ, 8 ಕೋಟಿ ವೆಚ್ಚದ ಕಟ್ಟಡಕ್ಕೆ 4 ಕೋಟಿಯ ವಿಮೆ ಮಾಡಿಸಿದ ಸಂಘವೊಂದಕ್ಕೆ 10 ಲಕ್ಷದ ನಷ್ಟವಾದರೆ ಕೈಗೆ ಬರುವುದು 5 ಲಕ್ಷ ಮಾತ್ರ. ಪ್ರೀಮಿಯಂ ಉಳಿಸಲೆಂದು ಕಟ್ಟಡದ ಮೌಲ್ಯವನ್ನು ಕಡಿಮೆ ತೋರಿಸುವ ಸಮಿತಿಗಳು ಇದನ್ನು ಗಮನಿಸಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಆ 18,70,000 ರೂಪಾಯಿ ನಿಮ್ಮ ಗೋಡೆಗಳ ಒಳಗಿನ ವಿಸ್ತೀರ್ಣದ ಲೆಕ್ಕ. ಅಡಿಪಾಯ, ಕಂಬ, ಮೆಟ್ಟಿಲು, ಲಿಫ್ಟು, ಸಂಪು, ಜನರೇಟರು, ಸೆಲ್ಲಾರು ಇವು ಆ ಲೆಕ್ಕದಲ್ಲಿ ನಿಲ್ಲುವುದಿಲ್ಲ. ನೆಲಮಹಡಿಯ ಕಂಬಗಳಿಗೆ ಹಾನಿಯಾದರೆ ಮೂರನೇ ಮಹಡಿಯ ನೀವು ನಿಮ್ಮ ಪಾಲಿನ ಹಣ ಹಿಡಿದುಕೊಂಡು ಏನನ್ನೂ ಕಟ್ಟಲಾರಿರಿ. ನೆಲಮಹಡಿಯವರಲ್ಲಿ ವಿಮೆಯಿಲ್ಲದಿದ್ದರಂತೂ ಮಾತೇ ಇಲ್ಲ. ಆದ್ದರಿಂದ ಕಟ್ಟಡದ ಒಡಲಿಗೆ ಸಂಘದ ಪಾಲಿಸಿ, ಮನೆಯ ಒಳಗಿನದ್ದಕ್ಕೆ ಮಾಲೀಕರ ಪಾಲಿಸಿ, ಎರಡೂ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋಗಾದಿ ನಿವಾಸಿ

ಬಹಳ ಉಪಕಾರವಾಯಿತು, ಸರ್. ನೀರು ಜಿನುಗುವ ವಿಷಯಕ್ಕೆ ಉತ್ತರ ಉಳಿದಿದೆ. ಪೈಪಿನ ನೀರು ಸೇರಿದೆ ಎಂದು ತಾವು ಬರೆದಿರುವುದರಿಂದ ನಮಗೆ ಪರಿಹಾರ ಸಿಗಬಹುದೇ?

ನಿವೃತ್ತ ಸರ್ವೇಯರ್, ಯಾದವಗಿರಿ

ಸಿಗುವುದಿಲ್ಲ ಎಂದೇ ತಿಳಿದುಕೊಳ್ಳಿ. ಪೈಪು ಒಡೆದು ನೀರು ಹರಿಯುವುದು ಒಂದು ಘಟನೆ. ಟೈಲ್ಸಿನ ಸಂದಿಯಿಂದ ತಿಂಗಳುಗಟ್ಟಲೆ ಜಿನುಗುವುದು ಸವಕಳಿ. ಸರ್ವೇಯರು ಬಂದಾಗ ಮೊದಲು ನೋಡುವುದು ಕಲೆಯ ಅಂಚನ್ನು. ಪೈಪು ಒಡೆದಿದ್ದರೆ ಕಲೆ ಒಂದೇ ಬಣ್ಣದಲ್ಲಿ ಹರಡಿರುತ್ತದೆ, ಗಾರೆ ಇನ್ನೂ ಗಟ್ಟಿಯಾಗಿರುತ್ತದೆ. ಜಿನುಗಿನ ಗೋಡೆಯಲ್ಲಿ ಒಂದರ ಹೊರಗೊಂದು ಕಂದು ಬಣ್ಣದ ಗೆರೆಗಳು ಮೂಡಿರುತ್ತವೆ, ಬಿಳಿಯ ಉಪ್ಪು ಹೊಮ್ಮಿರುತ್ತದೆ, ಬೆರಳಿನಿಂದ ಒತ್ತಿದರೆ ಪೇಂಟು ಹಪ್ಪಳದಂತೆ ಏಳುತ್ತದೆ, ಒಳಗಿನ ಗಾರೆ ಪುಡಿಯಾಗಿ ಉದುರುತ್ತದೆ. ಇದನ್ನು ಒಂದೇ ದಿನದಲ್ಲಿ ಆದದ್ದು ಎಂದು ಯಾವ ಸರ್ವೇಯರೂ ಬರೆದುಕೊಡುವುದಿಲ್ಲ, ಬರೆದುಕೊಡಲೂಬಾರದು. ಇದಕ್ಕೆ ಮೇಲಿನ ಮನೆಯವರೊಡನೆ ಮಾತನಾಡಿ ಬಚ್ಚಲಿನ ವಾಟರ್‌ಪ್ರೂಫಿಂಗ್ ಮಾಡಿಸುವುದೇ ದಾರಿ.

ಹಾಗೆಯೇ, ನಿಮ್ಮ ಮನೆಯ ಪೈಪು ಒಡೆದು ಕೆಳಗಿನ ಮನೆಯವರ ಮರಗೆಲಸ ಹಾಳಾದರೆ, ಅವರಿಗೆ ನೀವು ಕೊಡಬೇಕಾಗುವ ಪರಿಹಾರ ಮೂಲ ಪಾಲಿಸಿಯಲ್ಲಿ ಇಲ್ಲ. ಅದಕ್ಕೆ ಮೂರನೆಯವರ ಹೊಣೆಯ ರಕ್ಷಣೆಯನ್ನು ಹೆಚ್ಚುವರಿಯಾಗಿ ಸೇರಿಸಿಕೊಳ್ಳಬೇಕು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಒಡವೆಯ ವಿಮೆಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನನಗನ್ನಿಸುತ್ತದೆ.

ಹಿರಿಯ ನಾಗರಿಕ, ಸರಸ್ವತೀಪುರಂ

ಇಷ್ಟೆಲ್ಲ ಏಕೆ ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ಮೈಸೂರು ಭೂಕಂಪದ ವಲಯವಲ್ಲ, ಇಲ್ಲಿ ಸಮುದ್ರವಿಲ್ಲ, ಸಿಮೆಂಟಿನ ಕಟ್ಟಡ ಸುಟ್ಟು ಬೂದಿಯಾಗುವುದಿಲ್ಲ. ಪ್ರತಿವರ್ಷ ಕಂಪನಿಗಳಿಗೆ ಹಣ ಸುರಿಯುವುದಕ್ಕಿಂತ ಅದೇ ಹಣವನ್ನು ಸಂಘದ ಠೇವಣಿಯಲ್ಲಿ ಇಟ್ಟರೆ ಬಡ್ಡಿಯಾದರೂ ಬರುತ್ತದೆ.

ಸಂಘದ ಕಾರ್ಯದರ್ಶಿ, ವಿಜಯನಗರ ನಾಲ್ಕನೇ ಹಂತ

ತಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಸರ್. ಮೈಸೂರು ಕಡಿಮೆ ಅಪಾಯದ ಎರಡನೇ ಭೂಕಂಪ ವಲಯದಲ್ಲಿ ಇದೆ ಎಂಬ ಕಾರಣಕ್ಕೇ ಇಲ್ಲಿ ಪ್ರೀಮಿಯಂ ಕಡಿಮೆ. ಆದರೆ ಬೆಂಕಿಗೆ ಕಾಂಕ್ರೀಟು ಬೂದಿಯಾಗಬೇಕಾಗಿಲ್ಲ. ಮೀಟರ್ ಬೋರ್ಡುಗಳ ಕೋಣೆಯಲ್ಲಿ ಹತ್ತಿಕೊಂಡ ಬೆಂಕಿ ಕೇಬಲ್ಲುಗಳನ್ನೆಲ್ಲ ಸುಟ್ಟರೆ, ಹೊಸ ಪ್ಯಾನೆಲ್ಲು, ಕೇಬಲ್ಲು, ಮಸಿ ಹಿಡಿದ ಮೆಟ್ಟಿಲಸಾಲಿನ ದುರಸ್ತಿ, ಮೀಟರುಗಳಿಗಾಗಿ ವಿದ್ಯುತ್ ಸರಬರಾಜು ನಿಗಮದ (ಸೆಸ್ಕ್) ಕಚೇರಿಗೆ ಅಲೆದಾಟ ಎಲ್ಲವೂ ಸೇರಿ ದೊಡ್ಡ ಮೊತ್ತವೇ ಆಗುತ್ತದೆ. ಮಳೆಯ ವಿಷಯಕ್ಕೆ ಬಂದರೆ, 2021ರ ಅಕ್ಟೋಬರಿನಲ್ಲಿ ಚಾಮುಂಡಿ ಬೆಟ್ಟದ ನಂದಿಯ ಬಳಿಯ ರಸ್ತೆ ಕುಸಿದದ್ದನ್ನು ನಾವೆಲ್ಲ ನೋಡಿದ್ದೇವೆ. ಸೆಲ್ಲಾರಿಗೆ ನೀರು ನುಗ್ಗಿ ಲಿಫ್ಟಿನ ಗುಂಡಿ ತುಂಬಿದರೆ ಸಂಘದ ಠೇವಣಿ ಒಂದೇ ಮಳೆಗಾಲಕ್ಕೆ ಕರಗುತ್ತದೆ. ಠೇವಣಿ ಸಣ್ಣ ದುರಸ್ತಿಗೆ ಇರಲಿ, ದೊಡ್ಡ ಹೊಡೆತಕ್ಕೆ ವಿಮೆ ಇರಲಿ ಎಂದು ನಮ್ಮಲ್ಲಿ ಒಪ್ಪಿಕೊಂಡಿದ್ದೇವೆ. ಮನೆಯ ವಿಮೆಗೆ ಶೇಕಡಾ 18ರ ಜಿಎಸ್‌ಟಿ ಮುಂದುವರಿದಿದೆ, 2025ರ ಸೆಪ್ಟೆಂಬರಿನ ವಿನಾಯಿತಿ ವೈಯಕ್ತಿಕ ಜೀವವಿಮೆ, ಆರೋಗ್ಯವಿಮೆಗಳಿಗೆ ಮಾತ್ರ ಎಂಬುದು ನಿಜ. ಅದು ನನಗೂ ಬೇಸರದ ಸಂಗತಿಯೇ.

ಅಂದ ಹಾಗೆ, ಸೆಲ್ಲಾರಿನಲ್ಲಿ ನಿಂತ ಕಾರು, ಸ್ಕೂಟರುಗಳಿಗೆ ಮನೆಯ ಪಾಲಿಸಿಯನ್ನು ನೆಚ್ಚಿಕೊಳ್ಳಬೇಡಿ, ಅದು ವಾಹನ ವಿಮೆಯ ಕೆಲಸ.

ವಕೀಲೆ, ಕುವೆಂಪುನಗರ

ಕಾನೂನಿನ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸಬೇಕಾಗಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದ ಪ್ರಕಾರ ಪ್ರತಿಯೊಬ್ಬ ಮಾಲೀಕನಿಗೂ ತನ್ನ ಫ್ಲ್ಯಾಟಿನ ಜೊತೆಗೆ ಸಾಮಾನ್ಯ ಪ್ರದೇಶಗಳಲ್ಲಿ ಅವಿಭಜಿತ ಪಾಲು ಇರುತ್ತದೆ. ಕಟ್ಟಡವನ್ನು ಈ ಕಾಯಿದೆಗೆ ಒಳಪಡಿಸುವ ಘೋಷಣಾ ಪತ್ರದಲ್ಲಿ ಅಥವಾ ಬೈಲಾದಲ್ಲಿ ಹೇಳಿದ್ದರೆ, ಇಲ್ಲವೇ ಮಾಲೀಕರ ಬಹುಮತವಿದ್ದರೆ, ಕಟ್ಟಡಕ್ಕೆ ಬೆಂಕಿ ಮುಂತಾದ ಅಪಾಯಗಳ ವಿರುದ್ಧ ವಿಮೆ ಮಾಡಿಸುವ ಅಧಿಕಾರ ಆಡಳಿತ ಮಂಡಳಿಗೆ ಇದೆ. ಅದೇ ವೇಳೆ ತನ್ನ ಫ್ಲ್ಯಾಟಿಗೆ ತಾನೇ ವಿಮೆ ಮಾಡಿಸಿಕೊಳ್ಳುವ ಮಾಲೀಕನ ಹಕ್ಕಿಗೆ ಇದರಿಂದ ಧಕ್ಕೆಯಿಲ್ಲ. ಹೀಗಾಗಿ ಸಂಘವೋ ಮಾಲೀಕನೋ ಎಂದು ಸಭೆಯಲ್ಲಿ ಬಡಿದಾಡುವ ಅಗತ್ಯವೇ ಇಲ್ಲ, ಕಾಯಿದೆ ಎರಡಕ್ಕೂ ಅವಕಾಶ ಕೊಟ್ಟಿದೆ. ಪ್ರೀಮಿಯಂ ಸಾಮಾನ್ಯ ಖರ್ಚಾದ್ದರಿಂದ ಅದನ್ನು ಅವಿಭಜಿತ ಪಾಲಿನ ಶೇಕಡಾವಾರು ಹಂಚುವುದು ಕಾಯಿದೆಗೆ ಒಪ್ಪುವ ಕ್ರಮ. ಮನೆಯನ್ನು ಬೀಗ ಹಾಕಿಟ್ಟು ಹೊರದೇಶದಲ್ಲಿ ಇರುವವರೂ ತಮ್ಮ ಪಾಲನ್ನು ಕೊಡಲೇಬೇಕು.

ಇದೇ ಕಾಯಿದೆಯ ಇನ್ನೊಂದು ಅಂಶವನ್ನು ಬಹಳ ಮಂದಿ ಓದಿರುವುದಿಲ್ಲ. ಕಟ್ಟಡ ನಾಶವಾದ ಅಥವಾ ಹಾನಿಗೊಳಗಾದ ದಿನದಿಂದ ಅರವತ್ತು ದಿನಗಳೊಳಗೆ ಅದನ್ನು ದುರಸ್ತಿ ಮಾಡುವ ಇಲ್ಲವೇ ಮತ್ತೆ ಕಟ್ಟುವ ತೀರ್ಮಾನವನ್ನು ಸಂಘ ಕೈಗೊಳ್ಳದಿದ್ದರೆ, ಆ ಸ್ವತ್ತು ಎಲ್ಲ ಮಾಲೀಕರ ಸಾಮಾನ್ಯ ಸ್ವತ್ತೆಂದು ಭಾವಿಸಲ್ಪಡುತ್ತದೆ. ಆಮೇಲೆ ಯಾರು ಬೇಕಾದರೂ ವಿಭಜನೆಗೆ ದಾವೆ ಹೂಡಬಹುದು. ಹಣ ಎಲ್ಲಿಂದ ಬರುತ್ತದೆ ಎಂಬುದೇ ಗೊತ್ತಿಲ್ಲದ ನಲವತ್ತೆಂಟು ಕುಟುಂಬಗಳು ಅರವತ್ತು ದಿನಗಳಲ್ಲಿ ಒಮ್ಮತಕ್ಕೆ ಬರುವುದನ್ನು ನಾನಂತೂ ಊಹಿಸಿಕೊಳ್ಳಲಾರೆ. ಕಟ್ಟಡದ ಪೂರ್ಣ ಮರುನಿರ್ಮಾಣ ವೆಚ್ಚಕ್ಕೆ ಸಂಘದ ಪಾಲಿಸಿ ಇದ್ದರೆ ಆ ಸಭೆಯಲ್ಲಿ ಚರ್ಚಿಸುವುದಕ್ಕೆ ಒಂದು ಆಧಾರವಾದರೂ ಇರುತ್ತದೆ.

ಮೈಸೂರಿನ ಎಷ್ಟೋ ಸಂಘಗಳು 1972ರ ಕಾಯಿದೆಯಡಿ ಬಾರದೆ, 1960ರ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಣಿಯಾಗಿವೆ. ಅಂಥ ಸಂಘಕ್ಕೆ ಕಟ್ಟಡದಲ್ಲಿ ಸ್ವಂತ ಹಕ್ಕು ಏನು ಎಂಬ ಪ್ರಶ್ನೆಯನ್ನು ಕ್ಲೇಮಿನ ಹೊತ್ತಿನಲ್ಲಿ ಯಾರಾದರೂ ಎತ್ತಬಹುದಾದ್ದರಿಂದ, ಪಾಲಿಸಿಯಲ್ಲಿ ವಿಮೆದಾರರ ಹೆಸರನ್ನು 'ಸಂಘ ಮತ್ತು ಎಲ್ಲ ಫ್ಲ್ಯಾಟುಗಳ ಮಾಲೀಕರು, ಅವರವರ ಹಿತಾಸಕ್ತಿಗೆ ಅನುಗುಣವಾಗಿ' ಎಂಬ ಅರ್ಥದಲ್ಲಿ ಬರೆಸಿಕೊಳ್ಳಿ. ಸಾಲವಿರುವ ಮನೆಗಳ ಬ್ಯಾಂಕುಗಳ ಹೆಸರೂ ದಾಖಲಾಗಲಿ. ಸಂಘದ ಪಾಲಿಸಿ ಎಲ್ಲಿಗೆ ಮುಗಿಯುತ್ತದೆ, ಮಾಲೀಕನದು ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಸಭೆಯ ನಡವಳಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಗೋಡೆ, ಛಾವಣಿ, ಮುಖ್ಯ ಪೈಪು ಸಂಘಕ್ಕೆ. ಮಾಡ್ಯುಲರ್ ಅಡುಗೆಮನೆ, ವಾರ್ಡ್‌ರೋಬು, ಫಾಲ್ಸ್ ಸೀಲಿಂಗು, ಮಾಲೀಕರು ಬದಲಾಯಿಸಿಕೊಂಡ ನೆಲಹಾಸು ಮಾಲೀಕರಿಗೆ ಎಂದು ಬರೆದಿಟ್ಟರೆ ಎರಡು ಕಡೆಯೂ ಒಂದೇ ವಸ್ತುವಿಗೆ ಪ್ರೀಮಿಯಂ ಕಟ್ಟುವುದು ತಪ್ಪುತ್ತದೆ. ಒಂದೇ ನಷ್ಟಕ್ಕೆ ಎರಡು ಪಾಲಿಸಿಗಳಿಂದ ಎರಡು ಪಟ್ಟು ಹಣ ಪಡೆಯಲು ಹೇಗೂ ಸಾಧ್ಯವಿಲ್ಲ.

ಹೊಸ ಕಟ್ಟಡದವರಿಗೆ ಒಂದು ಮಾತು. ಸಹಜವಾದ ಬಿರುಕು, ಕಟ್ಟಡ ಕೂರುವುದು, ತುಂಬಿಸಿದ ಮಣ್ಣು ಕುಸಿಯುವುದು, ಕಳಪೆ ಕಾಮಗಾರಿ ಇವು ವಿಮೆಯ ಹೊರಗಿವೆ. ತಗ್ಗು ಪ್ರದೇಶಕ್ಕೆ ಮಣ್ಣು ತುಂಬಿಸಿ ಮಾಡಿದ ಬಡಾವಣೆಗಳಲ್ಲಿ ಇರುವವರು ಇದನ್ನು ಎರಡು ಸಲ ಓದಿಕೊಳ್ಳಿ. ರಚನಾ ದೋಷಗಳಿಗೆ 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯಿದೆಯ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷಗಳವರೆಗೆ ಬಿಲ್ಡರನೇ ಹೊಣೆ. ತಿಳಿಸಿದ ಮೂವತ್ತು ದಿನಗಳಲ್ಲಿ ಆತ ಹಣ ಕೇಳದೆ ಸರಿಪಡಿಸಿಕೊಡಬೇಕು. ವಿಮೆ ಇದೆಯಲ್ಲ ಎಂದು ಈ ಐದು ವರ್ಷಗಳನ್ನು ಕಳೆದುಕೊಳ್ಳಬೇಡಿ.

ಮನೆಯೊಡತಿ, ಗೋಕುಲಂ

ನನ್ನ ಫ್ಲ್ಯಾಟನ್ನು ಯೋಗ ಕಲಿಯಲು ಬರುವ ವಿದೇಶಿಯರಿಗೆ ತಿಂಗಳ ಬಾಡಿಗೆಯ ಮೇಲೆ ಕೊಡುತ್ತೇನೆ. ನಡುವೆ ಕೆಲವು ಕಾಲ ಮನೆ ಖಾಲಿಯೂ ಇರುತ್ತದೆ. ನನಗೆ ಈ ಪಾಲಿಸಿ ಅನ್ವಯಿಸುತ್ತದೆಯೇ? ಕಳ್ಳತನದ ಭಯವೇ ನನಗೆ ಹೆಚ್ಚು.

ನಿವೃತ್ತ ಸರ್ವೇಯರ್, ಯಾದವಗಿರಿ

ಮೇಡಂ, ಬಾಡಿಗೆಗೆ ಕೊಟ್ಟ ಮನೆಗೂ ವಿಮೆ ಮಾಡಿಸಬಹುದು. ಮನೆ ವಾಸಯೋಗ್ಯವಲ್ಲದಂತಾದ ಅವಧಿಗೆ ಕಳೆದುಕೊಂಡ ಬಾಡಿಗೆಯೂ ಪಾಲಿಸಿಯಲ್ಲಿ ಸೇರಿದೆ. ಆದರೆ ಪ್ರಸ್ತಾವನಾ ಪತ್ರದಲ್ಲಿ ಸ್ವಂತ ವಾಸ ಎಂದು ಬರೆದು, ಒಳಗೆ ಅತಿಥಿಗೃಹದಂತೆ ನಡೆಸಿದರೆ ಕ್ಲೇಮು ನಿಲ್ಲುವುದು ಕಷ್ಟ. ದಸರಾ ಸಮಯದಲ್ಲಿ ಹೋಂಸ್ಟೇ ಮಾಡುವವರಿಗೂ, ಮನೆಯಲ್ಲೇ ಕ್ಲಿನಿಕ್ ನಡೆಸುವವರಿಗೂ ಇದೇ ಮಾತು. ಬಳಕೆ ಏನಿದೆಯೋ ಅದನ್ನೇ ಬರೆದು, ಕಂಪನಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಮನೆ ತಿಂಗಳಿಗೂ ಹೆಚ್ಚು ಕಾಲ ಖಾಲಿ ಇರುವುದಾದರೆ ಅದನ್ನೂ ಮುಂಚಿತವಾಗಿ ತಿಳಿಸಿ. ಬಾಡಿಗೆದಾರರ ಸಾಮಾನು ನಿಮ್ಮ ಪಾಲಿಸಿಯಲ್ಲಿ ಬರುವುದಿಲ್ಲ.

ಕಳ್ಳತನದ ವಿಷಯದಲ್ಲಿ ಜನರಿಗೆ ದೊಡ್ಡ ತಪ್ಪು ತಿಳಿವಳಿಕೆಯಿದೆ. ಮೂಲ ಪಾಲಿಸಿಯಲ್ಲಿ ಬೆಂಕಿ, ಪ್ರವಾಹ ಮುಂತಾದ ಘಟನೆ ನಡೆದು, ಅದರ ಕಾರಣದಿಂದ ಏಳು ದಿನಗಳೊಳಗೆ ಆದ ಕಳ್ಳತನಕ್ಕೆ ಮಾತ್ರ ರಕ್ಷಣೆ. ಬೀಗ ಒಡೆದು ಮಾಡುವ ಮಾಮೂಲಿ ಕಳ್ಳತನಕ್ಕೆ ಬೇರೆ ರಕ್ಷಣೆ ತೆಗೆದುಕೊಳ್ಳಬೇಕು. ವೋಲ್ಟೇಜು ಏರಿ ಟೀವಿ ಸುಟ್ಟರೆ ಆ ಟೀವಿಗೆ ಹಣ ಬರುವುದಿಲ್ಲ. ಅದರಿಂದ ಬೆಂಕಿ ಹರಡಿ ಸೋಫಾ ಸುಟ್ಟರೆ ಸೋಫಾಗೆ ಬರುತ್ತದೆ.

ಗೃಹಿಣಿ, ಜೆ.ಪಿ. ನಗರ

ಅಡುಗೆ ಅನಿಲದ ಸಿಲಿಂಡರಿಗೆ ವಿಮೆ ಇರುತ್ತದೆ ಎನ್ನುತ್ತಾರಲ್ಲ, ಅದು ಸಾಲದೇ?

ಸಂಘದ ಕಾರ್ಯದರ್ಶಿ, ವಿಜಯನಗರ ನಾಲ್ಕನೇ ಹಂತ

ಇರುವುದು ನಿಜ, ಅದಕ್ಕೆ ಗ್ರಾಹಕರು ಪ್ರತ್ಯೇಕ ಹಣ ಕಟ್ಟಬೇಕಾಗಿಲ್ಲ. ಆದರೆ ತೈಲ ಕಂಪನಿಗಳ ಆ ಪಾಲಿಸಿಯಲ್ಲಿ ನೋಂದಾಯಿತ ವಿಳಾಸದ ಆಸ್ತಿನಷ್ಟಕ್ಕೆ ಒಂದು ಘಟನೆಗೆ ಗರಿಷ್ಠ 2 ಲಕ್ಷ ರೂಪಾಯಿ, ಮರಣಕ್ಕೆ ಒಬ್ಬರಿಗೆ 6 ಲಕ್ಷ ರೂಪಾಯಿ ಎಂಬ ಮಿತಿಯಿದೆ. ಈಗಿನ ಒಂದು ಅಡುಗೆಮನೆಯ ಮರಗೆಲಸಕ್ಕೇ 2 ಲಕ್ಷ ಸಾಲುವುದಿಲ್ಲ. ಮನೆ ಬದಲಾಯಿಸಿದವರು ವಿತರಕರಲ್ಲಿ ವಿಳಾಸವನ್ನೂ ಬದಲಾಯಿಸಿಕೊಂಡಿರಬೇಕು.

ಮಂಡ್ಯದ ಓದುಗ

ಕ್ಲೇಮಿನ ಅನುಭವವನ್ನು ಹಂಚಿಕೊಳ್ಳುತ್ತೇನೆ. ಮುಂಗಾರುಪೂರ್ವ ಮಳೆಗಾಳಿಯಲ್ಲಿ ಪಕ್ಕದ ಜಾಗದ ಮರವೊಂದು ನಮ್ಮ ಮೊದಲ ಮಹಡಿಯ ಬಾಲ್ಕನಿಯ ಮೇಲೆ ಉರುಳಿ, ಗ್ರಿಲ್ಲು ಬಾಗಿ, ಎಸಿಯ ಹೊರಗಿನ ಪೆಟ್ಟಿಗೆ ಜಜ್ಜಿಹೋಯಿತು. ಮರ ಬೀಳುವುದು ಅಪಾಯಗಳ ಪಟ್ಟಿಯಲ್ಲಿ ಇಲ್ಲವೆಂದು ವಿಮಾ ಕಂಪನಿಯವರು ಎರಡು ಸಾಲಿನ ಇಮೇಲ್ ಕಳುಹಿಸಿ ಕ್ಲೇಮು ತಿರಸ್ಕರಿಸಿದರು. ಯಾದವಗಿರಿಯ ಸರ್ ಹೇಳಿದ ಅದೇ ವಾಕ್ಯವನ್ನು ಪಾಲಿಸಿಯಿಂದ ಎತ್ತಿ ಬರೆದು, ಮರ ಬಿದ್ದಿದ್ದ ಫೋಟೋಗಳನ್ನು ಲಗತ್ತಿಸಿ, ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟ ಮೇಲೆ ಹಣ ಮಂಜೂರಾಯಿತು. ತಿರಸ್ಕಾರದ ಪತ್ರ ಬಂದ ಕೂಡಲೇ ಸುಮ್ಮನಾಗುವವರೇ ಹೆಚ್ಚು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿದೆ.

ವಕೀಲೆ, ಕುವೆಂಪುನಗರ

ಸರಿಯಾದ ಕ್ರಮ. ಕಂಪನಿ ಮೂವತ್ತು ದಿನಗಳಲ್ಲಿ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. ನನ್ನ ವೃತ್ತಿಗೆ ಇದು ಒಳ್ಳೆಯ ಸುದ್ದಿಯಲ್ಲದಿದ್ದರೂ ಹೇಳಲೇಬೇಕು. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಇದಲ್ಲದೆ ಮೈಸೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ.

ಬೋಗಾದಿ ನಿವಾಸಿ

ಸಭೆಗೆ ಒಯ್ಯಬೇಕಾದ ವಿಷಯ ಈಗ ಸ್ಪಷ್ಟವಾಗಿದೆ. ಕಟ್ಟಡದ ಒಡಲು, ಲಿಫ್ಟು, ಪಂಪು, ಜನರೇಟರುಗಳಿಗೆ ಮರುನಿರ್ಮಾಣ ವೆಚ್ಚದ ಆಧಾರದ ಮೇಲೆ ಸಂಘದ ಪಾಲಿಸಿ; ಹೊರಗೋಡೆಯ ಗಾರೆ ಕಳಚಿ ದಾರಿಹೋಕರ ಮೇಲೆ ಬಿದ್ದರೆ ಅಥವಾ ಲಿಫ್ಟಿನಲ್ಲಿ ಯಾರಿಗಾದರೂ ಪೆಟ್ಟಾದರೆ ಬರುವ ಹೊಣೆಗೆ ಸಾರ್ವಜನಿಕ ಹೊಣೆಗಾರಿಕೆಯ ಇನ್ನೊಂದು ಪಾಲಿಸಿ; ಒಳಗಿನದ್ದಕ್ಕೆ ಮಾಲೀಕರು ತಮ್ಮ ಇಷ್ಟದಂತೆ. ಕೊನೆಯದಾಗಿ ಒಂದು ಪ್ರಶ್ನೆ ಉಳಿದಿದೆ. ನಮ್ಮಲ್ಲಿ ಮೂವತ್ತಕ್ಕೂ ಹೆಚ್ಚು ಮನೆಯವರು ತಾರಸಿಯ ಮೇಲೆ ಸ್ವಂತ ಸೋಲಾರ್ ವಾಟರ್ ಹೀಟರು ಹಾಕಿಸಿದ್ದಾರೆ. ತಾರಸಿ ಸಂಘದ್ದು, ಹೀಟರು ಮಾಲೀಕರದ್ದು. ಇದು ಯಾರ ಪಾಲಿಸಿಯಲ್ಲಿ ಸೇರಬೇಕು?

ನಿವೃತ್ತ ಸರ್ವೇಯರ್, ಯಾದವಗಿರಿ

ಮಾಲೀಕರ ಪಾಲಿಸಿಯಲ್ಲಿ. ಸೋಲಾರ್ ಪ್ಯಾನೆಲ್ಲುಗಳನ್ನು ಕಟ್ಟಡದ ಭಾಗವೆಂದೇ ಈ ಪಾಲಿಸಿ ಪರಿಗಣಿಸುತ್ತದೆ. ಆದರೆ ನಿಮ್ಮ ಫ್ಲ್ಯಾಟಿನ ಸಂಖ್ಯೆ 304, ಹೀಟರು ಇರುವುದು ತಾರಸಿಯಲ್ಲಿ ಎಂದಾಗ ಸರ್ವೇಯರಿಗೆ ಅನುಮಾನ ಬರುವುದು ಸಹಜ. ಆದ್ದರಿಂದ ಪ್ರಸ್ತಾವನಾ ಪತ್ರದಲ್ಲಿ ಹೀಟರನ್ನು ಹೆಚ್ಚುವರಿ ಜೋಡಣೆ ಎಂದು ಬೆಲೆಯೊಂದಿಗೆ ನಮೂದಿಸಿ, ತಾರಸಿಯಲ್ಲಿ ಇಡಲು ಸಂಘ ಕೊಟ್ಟ ಅನುಮತಿ ಪತ್ರ ಹಾಗೂ ಕೊಂಡ ಬಿಲ್ಲಿನ ಪ್ರತಿಯನ್ನು ಜೊತೆಗಿಡಿ. ಟ್ಯಾಂಕಿನ ಮೇಲೆ ಫ್ಲ್ಯಾಟಿನ ಸಂಖ್ಯೆಯನ್ನು ಪೇಂಟಿನಲ್ಲಿ ಬರೆಸಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮೂವತ್ತು ಹೀಟರುಗಳ ನಡುವೆ ಗಾಳಿಗೆ ಉರುಳಿದ್ದು ಯಾರದು ಎಂಬ ತಕರಾರು ಆಗ ಏಳುವುದಿಲ್ಲ.